ಬೋರ್ಡು ಹೇಳಿದ ಸಂಖ್ಯೆ

“ನೀವು ಕೊಟ್ಟ ಏಳೂ ಕಂಪ್ಯೂಟರುಗಳ ಪ್ರೊಸೆಸರನ್ನು ಯಾರೋ ಬದಲಾಯಿಸಿದ್ದಾರೆ” ಎಂದು ತಿರುವನಂತಪುರದಿಂದ ಫೋನು ಬಂದಾಗ ನಾನು ಮೊದಲು ನೋಡಿದ್ದು ನಮ್ಮ ಮುದಲಾಳಿಯ ಮುಖವನ್ನು. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬಿಡಿಭಾಗ ತರಿಸಿ, ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಅವರದು. ಮಾಲೀಕರನ್ನು ಅಲ್ಲಿ ಮುದಲಾಳಿ ಎನ್ನುತ್ತಾರೆ. ಸುದ್ದಿ ಕೇಳಿ ಅವರು ಬೆಚ್ಚಲಿಲ್ಲ, ಬಯ್ಯಲಿಲ್ಲ, ಯಾರು ಮಾಡಿದ್ದಂತೆ ಎಂದು ಕೇಳಲೂ ಇಲ್ಲ. ಚಹಾದ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ನನ್ನ ತಲೆಗೆ ಅಲ್ಲೇ ಒಂದು ಹುಳ ಹೊಕ್ಕಿತು.

ನನ್ನ ಸ್ವಭಾವವೇ ಅಂಥದ್ದು. ಯಾರಾದರೂ ‘ಏನೂ ತೊಂದರೆಯಿಲ್ಲ’ ಎಂದರೆ ತೊಂದರೆ ಎಲ್ಲಿದೆ ಎಂದು ಹುಡುಕತೊಡಗುತ್ತೇನೆ. ಹಾರ್ಡ್‌ವೇರ್ ರಿಪೇರಿಗೆ ಈ ಗುಣ ಒಳ್ಳೆಯದು. ಮನೆಯವರಿಗೆ ಕಷ್ಟ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ, ಅಕ್ಟೋಬರ್ ನಡುವಿನಿಂದ ಬರುವ ತುಲಾ ಮಾಸದ ಮಳೆಯ ಕಾಲ. ಫೋನು ಬಂದದ್ದು ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಿಂದ. ವಿಳಿಂಜಂ ಕಡಲಿನಲ್ಲಿ ಅಳವಡಿಸಿದ ಉಪಕರಣ ಅಲೆಗಳನ್ನು ಅಳೆದು ಕಳಿಸುತ್ತದೆ, ಅವರ ಪ್ರಯೋಗಾಲಯ ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತದೆ. ಕೆಲವು ತಿಂಗಳ ಹಿಂದೆ ನಾವು ಕೊಟ್ಟ ಯಂತ್ರಗಳು ತೆವಳುತ್ತಿವೆಯಂತೆ. ಯಂತ್ರ ಹೊತ್ತಿಸಿದೊಡನೆ ಕಪ್ಪು ಪರದೆಯ ಮೇಲೆ ಪ್ರೊಸೆಸರಿನ ಹೆಸರೂ ವೇಗವೂ ಮೂಡುತ್ತವಲ್ಲ, ಅಲ್ಲಿ ೧೬೬೭ ಮೆಗಾಹರ್ಟ್ಸ್ ಎಂದಿರಬೇಕಾದಲ್ಲಿ ಕಡಿಮೆ ಸಂಖ್ಯೆ ಬರುತ್ತಿದೆ, ಹೆಸರೂ ಅಗ್ಗದ ಪ್ರೊಸೆಸರಿನದು. ಅಂದರೆ ಒಳ್ಳೆಯದನ್ನು ಕಿತ್ತು ಅಗ್ಗದ್ದನ್ನು ಕೂರಿಸಿದ್ದಾರೆ ಎಂದು ಅವರ ತೀರ್ಮಾನ.

“ನೀನು ಹೋಗು. ಎಲ್ಲ ಸರಿ ಮಾಡಿ ಬಾ. ಅಲ್ಲಿ ಹೆಚ್ಚು ಮಾತು ಬೇಡ” ಎಂದರು ಮುದಲಾಳಿ, ಮಲಯಾಳದಲ್ಲಿ. ಸರಿ ಮಾಡುವುದೇನು, ಯಾರೊಡನೆ ಮಾತು ಬೇಡ ಎಂಬುದನ್ನು ಹೇಳಲಿಲ್ಲ.

ರೈಲಿನಲ್ಲಿ ಕೂತು ಯೋಚಿಸಿದೆ. ಪ್ರೊಸೆಸರ್ ಅಂಗೈಯಲ್ಲಿ ಅಡಗುವ ವಸ್ತು. ಅಂಗಿ ಜೇಬಿಗೆ ಹಾಕಿದರೆ ಉಬ್ಬು ಕೂಡ ಕಾಣುವುದಿಲ್ಲ. ಮೊದಲಾದರೆ ಅದನ್ನು ಬದಲಿಸುವುದು ಎಲ್ಲರ ಕೈಲಿ ಆಗುತ್ತಿರಲಿಲ್ಲ. ಪ್ರೊಸೆಸರನ್ನು ಕೂರಿಸುವ ಹಳೆಯ ಮದರ್‌ಬೋರ್ಡುಗಳಲ್ಲಿ ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ಟೋಪಿಗಳಿದ್ದವು. ಯಾವ ಪ್ರೊಸೆಸರಿಗೆ ಎಷ್ಟು ವೇಗ, ಎಷ್ಟು ವೋಲ್ಟ್ ಎಂದು ನಾವೇ ಪುಸ್ತಕ ನೋಡಿ ಟೋಪಿಗಳನ್ನು ಮುಳ್ಳುಗಳ ಮೇಲೆ ಕೂರಿಸಬೇಕಿತ್ತು. ತಪ್ಪಿದರೆ ಯಂತ್ರ ಏಳುತ್ತಿರಲಿಲ್ಲ, ಕೆಲವೊಮ್ಮೆ ಸುಟ್ಟ ವಾಸನೆ ಬರುತ್ತಿತ್ತು. ಈ ಹೊಸ ಬೋರ್ಡಿಗೆ ಜಂಪರಿನ ಗೋಜಿಲ್ಲ. ಕೂರಿಸಿದ ಪ್ರೊಸೆಸರನ್ನು ಅದೇ ವಿಚಾರಿಸಿಕೊಂಡು, ಅದಕ್ಕೆ ತಕ್ಕಂತೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಡಬ್ಬಿಯ ಮೇಲೆ ಅದನ್ನೇ ದೊಡ್ಡ ಗುಣವೆಂದು ಅಚ್ಚು ಹಾಕಿದ್ದರು. ಹೊಸಬ ಬಂದು ಕೂತರೂ ಹಳಬ ಎಲ್ಲಿ ಎಂದು ಕೇಳದ ಬೋರ್ಡು! ಕಳ್ಳನಿಗೆ ಇಂಥ ಅನುಕೂಲ ಇನ್ನೊಂದಿಲ್ಲ ಎಂದುಕೊಂಡೆ.

ಸಂಸ್ಥೆಯ ಸ್ಟೋರ್ಸಿಗೆ ಹೋದಾಗ ಅದರ ಉಸ್ತುವಾರಿಯ ಹೆಂಗಸು ಫೋನಿನಲ್ಲಿ ಯಾರನ್ನೋ ಗದರುತ್ತಿದ್ದರು. “ಊಟದ ಡಬ್ಬಿ ಬಿಟ್ಟು ಹೋದ್ರ ನಾ ಏನ್ ಮಾಡ್ಲಿ? ಕ್ಯಾಂಟೀನ್‌ದಾಗ ತಿನ್ನು.” ಆ ಕಡೆಯಿಂದ ಮಗಳು ಮಲಯಾಳದಲ್ಲಿ ಉತ್ತರಿಸುವುದು ನನಗೂ ಕೇಳಿಸುತ್ತಿತ್ತು. ಐವತ್ತರ ಆಸುಪಾಸಿನವರು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ವರ್ಷಗಳಾಗಿದ್ದವಂತೆ. ಫೋನಿಟ್ಟ ಮೇಲೆ ನಾನು ಕನ್ನಡದಲ್ಲೇ ಪರಿಚಯ ಹೇಳಿಕೊಂಡೆ, ಕಾಸರಗೋಡಿನವನು, ಕಂಪ್ಯೂಟರ್ ಕೊಟ್ಟ ಅಂಗಡಿಯಿಂದ ಬಂದವನು ಎಂದೆ. ಅವರ ಮುಖ ಅರಳಲಿಲ್ಲ.

“ಕನ್ನಡದವ್ರಂತ ನಾ ಏನ್ ಬಿಡಾಂಗಿಲ್ಲ ನೋಡ್ರಿ. ಮೊದ್ಲ ಇದನ್ನ ಓದ್ರಿ” ಎಂದು ಒಂದು ಮೆಮೊ ನನ್ನತ್ತ ತಳ್ಳಿದರು.

ಓದಿದೆ. ಯಂತ್ರಗಳು ಬಂದಾಗ ಪ್ರಯೋಗಾಲಯ ಸಿದ್ಧವಾಗಿರಲಿಲ್ಲವಾದ್ದರಿಂದ ಅವು ಕೆಲವು ವಾರ ಸ್ಟೋರ್ಸಿನಲ್ಲೇ ಇದ್ದವು. ಕೀಲಿಕೈ ಇದ್ದದ್ದು ಅವರ ಬಳಿ ಮಾತ್ರ. ಹೀಗಿರುವಾಗ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿದ್ದರು.

“ಮಧ್ಯಾಹ್ನ ಇಬ್ಬರು ಸಾಹೇಬ್ರು ವಿಚಾರಣಾಕ್ಕ ಕೂಡ್ತಾರ. ನೌಕರಿ ಹೋದ್ರ ಹೋಗ್ಲಿ ಅನ್ನೂ ಹಂಗಿಲ್ಲ, ಮಗಳ ಓದು ಐತಿ, ಮನಿಯವ್ರು ತೀರಿಕೊಂಡಾರ. ಅಷ್ಟರಾಗ ಕಳ್ಳರು ಯಾರಂತ ಹೇಳ್ರಿ. ನಾ ಆದ್ರ ನಾ ಅಂತನ ಹೇಳ್ರಿ.”

“ನೋಡುವ ಅಕ್ಕ. ನೋಡದೆ ಎಂತ ಹೇಳುವುದು?” ಎಂದೆ.

ನಿಜ ಹೇಳಬೇಕೆಂದರೆ ಆಗ ನನಗೆ ಅವರ ಮೇಲೂ ಅನುಮಾನವಿತ್ತು. ಕೇಳದೆಯೇ ಕಷ್ಟ ಹೇಳಿಕೊಳ್ಳುವವರನ್ನು ಕಂಡರೆ ನಾನು ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ಏಳರಲ್ಲಿ ಆರು ಯಂತ್ರಗಳು ಒಂದೇ ಹಾಲಿನಲ್ಲಿ ಸಾಲಾಗಿದ್ದವು. ಏಳನೆಯದು ಪ್ರಯೋಗಾಲಯದ ಮುಖ್ಯಸ್ಥರ ಕೋಣೆಯಲ್ಲಿತ್ತು. ಅವರು ಮಧ್ಯಾಹ್ನವೇ ಬರುವುದು, ಕೋಣೆಗೆ ಬೀಗ. ಮೊದಲು ಹಿಂಬದಿ ನೋಡಿದೆ. ಕ್ಯಾಬಿನೆಟ್ಟಿನ ಸ್ಕ್ರೂ ಮೇಲೆ ನಾವು ಅಂಟಿಸುವ ಕಾಗದದ ಸೀಲು ಆರರಲ್ಲೂ ಇಡಿಯಾಗಿತ್ತು. ಅದನ್ನು ಹರಿಯದೆ ಒಳಗೆ ಕೈ ಹಾಕಲು ಬರುವುದಿಲ್ಲ. ಹೊತ್ತಿಸಿದರೆ ಆರರಲ್ಲೂ ಒಂದೇ ಸಂಖ್ಯೆ, ೧೨೫೦. ಸೀಲು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಪರದೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಕಷ್ಟದ್ದೇನಲ್ಲ. ಬೋರ್ಡು ಒಂದು ತಾಳ ಹಾಕುತ್ತದೆ, ಪ್ರೊಸೆಸರ್ ಅದನ್ನು ತನ್ನೊಳಗೆ ಬರೆದಿರುವ ಒಂದು ಅಂಕಿಯಿಂದ ಗುಣಿಸಿಕೊಂಡು ಓಡುತ್ತದೆ. ತಾಳ ಬದಲಾಗಬಹುದು, ಒಳಗಿನ ಅಂಕಿ ಬದಲಾಗುವುದಿಲ್ಲ. ನಾವು ಕೊಟ್ಟ ಪ್ರೊಸೆಸರಿನ ಅಂಕಿ ಹನ್ನೆರಡೂವರೆ. ಬೋರ್ಡಿನ ತಾಳ ೧೩೩ ಇದ್ದರೆ ೧೬೬೭ ಬರುತ್ತದೆ. ತಾಳ ನೂರಕ್ಕೆ ಇಳಿದರೆ ೧೨೫೦. ಸರಿಯಾಗಿ ೧೨೫೦! ಪ್ರೊಸೆಸರ್ ಯಾರೂ ಕದ್ದಿಲ್ಲ. ಬೋರ್ಡೇ ತಾಳ ಇಳಿಸಿಕೊಂಡು, ಆ ವೇಗಕ್ಕೆ ಹೊಂದುವ ಅಗ್ಗದ ಹೆಸರನ್ನು ಪರದೆಯ ಮೇಲೆ ಬರೆಯುತ್ತಿದೆ.

ಆದರೆ ಯಾಕೆ ಇಳಿಸಿತು? ಬೋರ್ಡಿನ ಆರಂಭಿಕ ಸೆಟ್ಟಿಂಗುಗಳಿರುವ ಬಯೋಸ್ ಒಳಗೆ ಹೋಗಿ ನೋಡಿದೆ. ವೇಗ ‘ಆಟೋ’ ಎಂದಿತ್ತು. ಈ ಬೋರ್ಡಿಗೆ ಇನ್ನೊಂದು ಬುದ್ಧಿಯಿದೆ. ಹಿಂದಿನ ಸಲ ಏಳುವಾಗ ಅರ್ಧದಲ್ಲೇ ಸತ್ತಿದ್ದರೆ, ವೇಗ ಹೆಚ್ಚಾಗಿ ಹೀಗಾಯಿತೆಂದು ತಿಳಿದು ಮುಂದಿನ ಸಲ ಜಾಗರೂಕತೆಯಿಂದ ನೂರರ ತಾಳಕ್ಕೆ ಇಳಿಯುತ್ತದೆ. ನನ್ನಂತೆಯೇ ಅನುಮಾನದ ಪ್ರಾಣಿ. ಹಾಗಾದರೆ ಆರೂ ಯಂತ್ರಗಳು ಏಳುತ್ತಿರುವಾಗಲೇ ಕರೆಂಟು ಕಿತ್ತವರು ಯಾರು?

ಹಾಲಿನ ಅಟೆಂಡರ್ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಆ ಊರಿನವರು, ನನಗಿಂತ ಹಿರಿಯರು; ಅಂಥವರನ್ನು ಅಲ್ಲಿ ಚೇಟ್ಟ, ಅಂದರೆ ಅಣ್ಣ, ಎನ್ನುವುದು. “ಚೇಟ್ಟಾ, ಸಂಜೆ ಇಲ್ಲಿ ಮೇನ್ ಸ್ವಿಚ್ ಆಫ್ ಮಾಡುವವರು ಯಾರು?” ಎಂದು ಮಲಯಾಳದಲ್ಲಿ ಕೇಳಿದೆ.

“ನಾನೇನೂ ಮುಟ್ಟಿಲ್ಲ ಸಾರೇ” ಎಂದರು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿರಲಿಲ್ಲ. ಮುಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ನಾನು ಏನೂ ಹೇಳದೆ ವೈರುಗಳನ್ನು ನೋಡುತ್ತ ಕೂತೆ. ಸುಮ್ಮನಿದ್ದರೆ ಜನ ತಾವಾಗಿಯೇ ಬಾಯಿಬಿಡುತ್ತಾರೆ. ಅವರೂ ಬಿಟ್ಟರು. ತುಲಾ ಮಾಸದ ಸಂಜೆ ಗುಡುಗು ಮಿಂಚು ಅಲ್ಲಿ ತಪ್ಪಿದ್ದಲ್ಲ. ಗುಡುಗಿದೊಡನೆ ಮೇನ್ ಆಫ್ ಮಾಡುವುದು ಎಲ್ಲರ ಮನೆಯ ಪದ್ಧತಿ, ಇವರು ಅದನ್ನು ಕಚೇರಿಗೂ ತಂದಿದ್ದರು. ಹಿಂದೊಮ್ಮೆ ಸಿಡಿಲಿಗೆ ಸಂಸ್ಥೆಯ ಯುಪಿಎಸ್ ಸುಟ್ಟಿದ್ದರಿಂದ ಯಾರೂ ಬೇಡ ಎಂದಿರಲಿಲ್ಲ. ಆದರೆ ಅಲೆಗಳ ಅಳತೆಯಲ್ಲಿ ಸಂದು ಬಿದ್ದರೆ ಮುಖ್ಯಸ್ಥರು ಬಯ್ಯುತ್ತಾರೆ. ಆದ್ದರಿಂದ ಗುಡುಗು ನಿಂತಿತೆನಿಸಿದ ಕೂಡಲೇ ಆನ್, ಮತ್ತೆ ಗುಡುಗಿದರೆ ಆಫ್. ಕರೆಂಟು ಬಂದೊಡನೆ ತಾವಾಗಿಯೇ ಹೊತ್ತಿಕೊಳ್ಳುವಂತೆ ಹಾಲಿನ ಯಂತ್ರಗಳನ್ನು ನಾವೇ ಹೊಂದಿಸಿ ಕೊಟ್ಟಿದ್ದೆವು. ಸಿಡಿಲಿಗೂ ಬೈಗುಳಕ್ಕೂ ಹೆದರಿದ ಮನುಷ್ಯ ಎರಡರ ನಡುವೆ ಸ್ವಿಚ್ಚನ್ನು ಎತ್ತಿ ಇಳಿಸಿ ಮಾಡುತ್ತಿದ್ದರು.

ವಿಚಾರಣೆಗೆ ಬಾಯಿಮಾತು ಸಾಲದು. ಒಂದು ಯಂತ್ರಕ್ಕೆ ಬಯೋಸಿನಲ್ಲಿ ೧೩೩ ಕೊಟ್ಟೆ. ಹೊತ್ತಿಸಿದಾಗ ೧೬೬೭ ಮೂಡಿತು. ಸ್ಟೋರ್ಸಿನ ಅಕ್ಕ ಹಿಂದೆ ನಿಂತು ಕೈ ಮುಗಿದರು, ದೇವರಿಗೋ ಪರದೆಗೋ ತಿಳಿಯಲಿಲ್ಲ. ಬಳಿಕ ಅದು ಏಳುತ್ತಿರುವಾಗ ಕರೆಂಟು ಕಿತ್ತೆ. ಮತ್ತೆ ಕೊಟ್ಟಾಗ ೧೬೬೭ ಎಂದೇ ಬಂತು. ಇನ್ನೊಮ್ಮೆ ಮಾಡಿದೆ, ಆಗಲೂ ಅಷ್ಟೇ.

“ಏನ್ರಿ, ನಿಮ್ಮ ಲೆಕ್ಕ ತಪ್ಪೇನ್ರಿ?” ಎಂದರು ಅಕ್ಕ. ಮುಗಿದ ಕೈಗಳು ಸೆರಗಿಗೆ ಹೋಗಿದ್ದವು.

“ತಪ್ಪಿಲ್ಲ. ತಡೀರಿ” ಎಂದೆ, ಗಡುಸಾಗಿಯೇ. ಆಮೇಲೆ ಅಟೆಂಡರ್ ಚೇಟ್ಟನನ್ನು ಕರೆದು, ಗುಡುಗುವಾಗ ಮಾಡುವಂತೆಯೇ ಮಾಡಿ ಎಂದೆ. ನಾನು ಪರದೆಯಲ್ಲಿ ಅಕ್ಷರ ಮೂಡುವವರೆಗೆ ಕಾದು ಕೀಳುತ್ತಿದ್ದೆ. ಅವರು ಕಾಯಲಿಲ್ಲ, ಕಟ್ ಕಟ್ ಎಂದು ಆಫ್, ಆನ್, ಆಫ್ ಮಾಡಿದರು. ಪರದೆ ಬೆಳಗುವ ಮುನ್ನವೇ ಬೋರ್ಡಿನ ಉಸಿರು ಕಟ್ಟಿತು. ಮುಂದಿನ ಸಲ ಹೊತ್ತಿಸಿದಾಗ ೧೨೫೦. ನಾನು ನಕ್ಕುಬಿಟ್ಟೆ. ಅಕ್ಕ ಮಾತ್ರ ನಗಲಿಲ್ಲ, “ಸಾಹೇಬ್ರ ಮುಂದ ಹಿಂಗ ಆಗ್ತದೇನ್ರಿ?” ಎಂದರು.

ಅವರ ಮುಂದೆಯೂ ಹಾಗೆಯೇ ಆಯಿತು. ವಿಚಾರಣೆಗೆ ಬಂದವರು ಪ್ರಯೋಗಾಲಯದ ಮುಖ್ಯಸ್ಥರೂ ಆಡಳಿತ ವಿಭಾಗದ ಒಬ್ಬ ಅಧಿಕಾರಿಯೂ. ಎರಡು ಸಲ ಮಾಡಿಸಿ ನೋಡಿದರು. ಸಂಖ್ಯೆ ಇಳಿಯಿತು, ನಾನು ಏರಿಸಿದೆ, ಮತ್ತೆ ಇಳಿಯಿತು. ಅಧಿಕಾರಿ ಅಕ್ಕನತ್ತ ನೋಡಿ ತಲೆಯಾಡಿಸಿದರು. ಆರು ಯಂತ್ರಗಳಿಗೂ ‘ಆಟೋ’ ತೆಗೆದು ಕೈಯಾರೆ ೧೩೩ ಹಾಕಿ, ಮತ್ತೆ ಇಳಿಯದಂತೆ, ಕರೆಂಟು ಬಂದೊಡನೆ ತಾವಾಗಿ ಹೊತ್ತಿಕೊಳ್ಳುವುದನ್ನೂ ನಿಲ್ಲಿಸಿದೆ. ಮುಖ್ಯಸ್ಥರು ತಮ್ಮ ಕೋಣೆಯ ಬೀಗ ತೆಗೆಸಿ, “ಅದೊಂದನ್ನೂ ಸರಿ ಮಾಡಿಬಿಡಿ” ಎಂದು ಚಹಾ ಕುಡಿಯಲು ಅಧಿಕಾರಿಯೊಡನೆ ಹೋದರು.

ಏಳನೆಯ ಯಂತ್ರ ಹೊತ್ತಿಸಿದೆ. ಪರದೆಯಲ್ಲಿ ೧೩೩೩ ಎಂದು ಬಂತು.

ನೂರನ್ನು ಹನ್ನೆರಡೂವರೆಯಿಂದ ಗುಣಿಸಿದರೆ ೧೩೩೩ ಬರುವುದಿಲ್ಲ. ಬಯೋಸ್ ನೋಡಿದೆ. ತಾಳ ಆಗಲೇ ೧೩೩ರಲ್ಲಿತ್ತು. ಈ ಕೋಣೆಯ ಕರೆಂಟು ಬೇರೆ, ಹಾಲಿನ ಸ್ವಿಚ್ಚಿಗೆ ಸಂಬಂಧವಿಲ್ಲ. ಬೋರ್ಡು ಇಲ್ಲಿ ಏನೂ ಇಳಿಸಿರಲಿಲ್ಲ, ಸತ್ಯವನ್ನೇ ಹೇಳುತ್ತಿತ್ತು. ಪ್ರೊಸೆಸರಿನ ಒಳಗಿನ ಅಂಕಿ ಹತ್ತು. ಅಂದರೆ ಒಳಗಿರುವುದು ನಿಜವಾಗಿಯೂ ಅಗ್ಗದ ಪ್ರೊಸೆಸರ್. ಹಿಂಬದಿ ನೋಡಿದೆ. ಸೀಲು ಇಡಿಯಾಗಿತ್ತು, ಮೇಲೆ ನನ್ನದೇ ಸಹಿ.

ಜೋಡಿಸಿದ ಮೇಲೆ ಏಳೂ ಯಂತ್ರಗಳ ಸಂಖ್ಯೆಯನ್ನು ಪಾಲಾರಿವಟ್ಟಂನಲ್ಲಿ ನಾನೇ ನೋಡಿದ್ದೆ, ಏಳೂ ೧೬೬೭. ಆದರೆ ವ್ಯಾನಿಗೆ ಹೇರಿದ ದಿನ ಅಂಬಲಮುಗಳಿನ ಒಂದು ಕಚೇರಿಗೆ ರಿಪೇರಿಗೆ ಹೋಗಿದ್ದೆ. ನಮ್ಮ ಅಂಗಡಿಯ ರೂಢಿಯೆಂದರೆ, ಕೆಲಸ ಕಡಿಮೆಯಿದ್ದಾಗ ಟೆಕ್ನೀಶಿಯನ್ನರೆಲ್ಲ ಸೀಲಿನ ಹಾಳೆಗಳಿಗೆ ಮುಂಗಡವಾಗಿ ಸಹಿ ಹಾಕಿಡುವುದು. ಹಾಳೆಗಳು ಇರುತ್ತಿದ್ದದ್ದು ಮುದಲಾಳಿಯ ಮೇಜಿನ ಡ್ರಾಯರಿನಲ್ಲಿ.

ಹೊರಗೆ ಹೋಗಿ ಮುದಲಾಳಿಗೆ ಫೋನು ಮಾಡಿದೆ. ಆರರ ಕತೆ ಕೇಳಿ ಖುಷಿಪಟ್ಟರು. ಏಳನೆಯದರ ಸಂಖ್ಯೆ ಹೇಳಿದೆ. “ಅಲ್ಲಿ ತೆರೆಯಬೇಡ. ರಿಪೇರಿಗೆಂದು ಗೇಟ್‌ಪಾಸ್ ಮಾಡಿಸಿ ಇಲ್ಲಿಗೆ ತಾ. ಸರಿ ಮಾಡಿ ಕಳಿಸೋಣ” ಎಂದರು.

ಕೇಳಲು ಹಿತವಾದ ಮಾತು. ಯಂತ್ರ ಕೊಚ್ಚಿಗೆ ಹೋಗುತ್ತದೆ, ಸರಿಯಾದ ಪ್ರೊಸೆಸರ್ ಒಳಗೆ ಕೂರುತ್ತದೆ, ಮರಳಿ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನೂ ಉಳಿದರು, ನನ್ನ ಕೆಲಸವೂ ಉಳಿಯಿತು. ಗೇಟ್‌ಪಾಸಿಗೆ ಸ್ಟೋರ್ಸಿನ ಸಹಿ ಬೇಕು. ಹೋಗಿ ಕೇಳಿದೆ.

ಅವರು ಪೆನ್ನು ತೆಗೆದವರು ನಿಲ್ಲಿಸಿದರು. “ಆರು ಇಲ್ಲೇ ರಿಪೇರಿ ಆದ್ವು. ಇದೊಂದ್ಯಾಕ ಹೊರಗ ಹೋಗಬೇಕು?”

“ಇದರಲ್ಲಿ ಬೇರೆ ತೊಂದರೆ ಉಂಟು ಅಕ್ಕ.”

“ಏನ್ ತೊಂದ್ರಿ?”

ನಾನು ಹಾಳೆಯನ್ನು ಅವರತ್ತ ಇನ್ನಷ್ಟು ಸರಿಸಿದೆ. ಅವರು ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು. “ನಾ ಸಹಿ ಮಾಡಿ ಹೊರಗ ಬಿಟ್ಟೆ ಅಂದ್ರ, ಅಲ್ಲಿ ಹೋಗಿ ಅದ್ರಾಗ ಏನ್ ಸಿಗತೈತೋ ಅದಕ್ಕ ನಾನ ಜವಾಬ್ದಾರಿ ಹೌದಿಲ್ರಿ? ‘ಸ್ಟೋರ್ಸಿನಾಕಿ ಬದಲಿ ಮಾಡಿದ್ಲು, ನಾವು ತೆಗೆದು ನೋಡಿದ್ವಿ’ ಅಂತ ನಿಮ್ಮ ಅಂಗಡಿಯವ್ರು ಬರದು ಕಳಿಸಿದ್ರ ನಾ ಏನ್ ಮಾಡ್ಲಿ?”

ಅದೇ ಅನುಮಾನ ಫೋನಿಟ್ಟಾಗಿನಿಂದ ನನ್ನನ್ನೂ ಕೊರೆಯುತ್ತಿತ್ತು. ಮುದಲಾಳಿ ಹಾಗೆ ಮಾಡುತ್ತಾರೆಂದು ಹೇಳಲು ನನ್ನ ಬಳಿ ಆಧಾರವಿರಲಿಲ್ಲ. ಮಾಡುವುದಿಲ್ಲ ಎನ್ನಲೂ ಇರಲಿಲ್ಲ. ಬಿಡಿಭಾಗದ ವ್ಯಾಪಾರಿ ಒಂದನ್ನು ಬೇರೆ ಕೊಟ್ಟಿದ್ದನೋ, ಕೊನೆಯ ದಿನ ಒಂದು ಪ್ರೊಸೆಸರ್ ಕೆಟ್ಟು ಅಂಗಡಿಯಲ್ಲಿದ್ದದ್ದನ್ನು ಕೂರಿಸಿದರೋ, ಬೇಕೆಂದೇ ಮಾಡಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಯಂತ್ರ ಆ ಗೇಟು ದಾಟಿದರೆ ಮುಂದೆ ಹೇಳುವ ಮಾತೆಲ್ಲ ಮುದಲಾಳಿಯದೇ ಆಗುತ್ತದೆ ಎಂಬುದು ಗೊತ್ತಿತ್ತು. ಈ ಹೆಂಗಸನ್ನು ಆಮೇಲೆ ಯಾರೂ ಕೇಳುವುದಿಲ್ಲ. ನನಗೆ ಭಯವಾಯಿತು, ಅವರ ಬಗ್ಗೆಯೂ ನನ್ನ ಬಗ್ಗೆಯೂ.

“ಸಹಿ ಹಾಕಬೇಡಿ” ಎಂದೆ. “ಸಾಹೇಬರನ್ನು ಕರೀರಿ. ಇಲ್ಲೇ ತೆರೆಯುವ.”

ಮುಖ್ಯಸ್ಥರು, ಅಧಿಕಾರಿ, ಅಕ್ಕ ಮೂವರೂ ಮೇಜಿನ ಸುತ್ತ ನಿಂತರು. ಮೊದಲು ಪರದೆಯ ಸಂಖ್ಯೆ ತೋರಿಸಿ, ಇದು ಸಿಡಿಲಿನ ಕತೆಯಲ್ಲ ಎಂದೆ. ಬಳಿಕ ಸೀಲು ತೋರಿಸಿದೆ, ಹರಿದಿಲ್ಲ ನೋಡಿ ಎಂದು ಅವರ ಬಾಯಿಂದಲೇ ಹೇಳಿಸಿ ಹರಿದೆ. ಫ್ಯಾನು ಬಿಚ್ಚಿ, ಶಾಖ ಹೀರುವ ಅಲ್ಯೂಮಿನಿಯಂ ದಿಮ್ಮಿಯನ್ನು ಮೆಲ್ಲನೆ ಎತ್ತಿ, ಕೆಳಗಿನ ಬಿಳಿಯ ಪೇಸ್ಟನ್ನು ಬಟ್ಟೆಯಿಂದ ಒರೆಸಿದೆ. ಪ್ರೊಸೆಸರಿನ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಓದಿದರು. ನಾವು ಕೊಟ್ಟೆವೆಂದು ಬರೆದಿದ್ದಕ್ಕಿಂತ ಐದು ಮೆಟ್ಟಿಲು ಕೆಳಗಿನದು.

“ಈ ಸೀಲು ಇಲ್ಲಿಗೆ ಬಂದ ಮೇಲೆ ಯಾರೂ ತೆಗೆದಿಲ್ಲ” ಎಂದರು ಅಧಿಕಾರಿ, ಇಂಗ್ಲಿಷಿನಲ್ಲಿ.

“ಇಲ್ಲ ಸಾರ್.”

“ಹಾಗಾದರೆ ಬರುವ ಮೊದಲೇ ಹೀಗಿತ್ತು.”

“ಹೌದು ಸಾರ್.”

“ಇದರ ಮೇಲಿನ ಸಹಿ ಯಾರದು?”

“ನನ್ನದು” ಎಂದೆ. ಮುಂಗಡ ಸಹಿಯ ರೂಢಿಯನ್ನೂ ವಿವರಿಸಿದೆ. ಹೇಳುತ್ತಿರುವಾಗಲೇ ಅದು ಎಷ್ಟು ಕಳ್ಳ ನೆಪದಂತೆ ಕೇಳುತ್ತದೆಂದು ನನಗೇ ತಿಳಿಯಿತು. ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಲ್ಲೇ ನಿಂತು, ಸ್ಟೋರ್ಸಿನವರ ತಪ್ಪಿಲ್ಲ, ಮೆಮೊ ಹಿಂತೆಗೆದುಕೊಳ್ಳಲಾಗುವುದು, ಕೊಟ್ಟವರಿಂದ ವಿವರಣೆ ಕೇಳಲಾಗುವುದು ಎಂದರು.

ಮುದಲಾಳಿಯಿಂದ ಫೋನು ಬರಲು ತಡವಾಗಲಿಲ್ಲ. ಸಂಸ್ಥೆಯವರು ಆಗಲೇ ಮಾತಾಡಿದ್ದರು. ಸ್ವರ ಏರಿಸದೆಯೇ ಹೇಳಿದರು: “ಸೀಲಿನ ಮೇಲೆ ಇರುವುದು ನಿನ್ನ ಸಹಿ. ಅವರಿಗೆ ನೀನೇ ಉತ್ತರ ಕೊಡು. ಇನ್ನು ಅಂಗಡಿಗೆ ಬರುವುದು ಬೇಡ.” ಮೊದಲೇ ಯೋಚಿಸಿಟ್ಟ ಮಾತಿನಂತೆ ಕೇಳಿತು.

ಬ್ಯಾಗು ತುಂಬಿಕೊಂಡು ಹೊರಟಾಗ ಅಕ್ಕ ಗೇಟಿನವರೆಗೆ ಬಂದರು. ಕಳಿಸಿಕೊಡಲು ಬರುತ್ತಿದ್ದಾರೆಂದುಕೊಂಡೆ. ಸೆಕ್ಯುರಿಟಿಯವನು ನನ್ನ ಮುಖ ನೋಡಿ, ಹೋಗಿ ಎಂದು ಕೈ ಬೀಸಿದ. ಅಕ್ಕ ಅವನನ್ನು ತಡೆದು, ಬ್ಯಾಗು ಪೂರ್ತಿ ನೋಡಬೇಕು ಎಂದು ಮಲಯಾಳದಲ್ಲಿ ಹೇಳಿದರು. ಆಮೇಲೆ ನನ್ನತ್ತ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು.

“ನೀವ ನನ್ನ ಉಳಿಸಿದ್ರಿ. ಇವತ್ತ ಮನಿಗೆ ಊಟಕ್ಕ ಕರೀಬೇಕು ನಿಮ್ಮನ್ನ, ನನಗ ಗೊತ್ತೈತಿ. ಆದ್ರ ಆ ಸೀಲಿನ ಮ್ಯಾಲೆ ನಿಮ್ಮ ಸಹಿ ಐತಿ. ಕರಿಯಾಕ ಬಾಯಿ ಬರವಲ್ದ್ರಿ.”

ನೋವಾಯಿತು. ಅವರ ಜಾಗದಲ್ಲಿ ನಾನಿದ್ದರೆ ಗೇಟಿನವರೆಗೂ ಕಾಯುತ್ತಿರಲಿಲ್ಲ ಎಂದೂ ಅನಿಸಿತು.

“ಕರೀಬೇಡಿ ಅಕ್ಕ” ಎಂದೆ. “ನಾನಾದ್ರೂ ಕರೀತಿರ್ಲಿಲ್ಲ.”

ಸೆಕ್ಯುರಿಟಿಯವನ ಮೇಜಿನ ಮೇಲೆ ಬ್ಯಾಗನ್ನು ನಾನೇ ಬೋರಲು ಹಾಕಿದೆ. ಸ್ಕ್ರೂಡ್ರೈವರು, ಬ್ರಷ್ಷು, ಪೇಸ್ಟಿನ ಟ್ಯೂಬು, ಮಡಿಸಿದ ಒಂದು ಅಂಗಿ ಎಲ್ಲ ಹರಡಿಕೊಂಡವು. ಅಕ್ಕ ಮೂಗೊರೆಸಿಕೊಂಡು ಮುಂದೆ ಬಂದು, ಒಂದೊಂದನ್ನೇ ಎತ್ತಿ ನೋಡತೊಡಗಿದರು.